2002ರ ಪೆಂಟಿಯಂ 4 ಡೆಸ್ಕ್‌ಟಾಪ್ ಆನ್ ಆಗ್ತಿಲ್ಲ, ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತೆ. ಮನೆಯಲ್ಲೇ ರಿಪೇರಿ ಆಗುತ್ತಾ?

ಅಚ್ಚುಮನೆ ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 2002ರಲ್ಲಿ ತಗೊಂಡ ಅಸೆಂಬಲ್ಡ್ ಕಂಪ್ಯೂಟರ್ ಒಂದಿದೆ. ಪೆಂಟಿಯಂ 4, 1.6 ಗಿಗಾಹರ್ಟ್ಸ್, ಸಾಕೆಟ್ 478 ಬೋರ್ಡ್, 256 ಎಂಬಿ ರ್‍ಯಾಮ್, 40 ಜಿಬಿ ಐಡಿಇ (ಅಗಲ ಪಟ್ಟಿ ಕೇಬಲ್ ಹಾಕುವ ಹಳೇ ಥರದ) ಹಾರ್ಡ್ ಡಿಸ್ಕ್, ಫ್ಲಾಪಿ ಡ್ರೈವ್, ವಿಂಡೋಸ್ 98 ಸೆಕೆಂಡ್ ಎಡಿಷನ್. ಲಗ್ನಪತ್ರಿಕೆ, ಮಾರಿಕಾಂಬಾ ಜಾತ್ರೆಯ ಹ್ಯಾಂಡ್‌ಬಿಲ್, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಎಲ್ಲಾ ಇದರಲ್ಲೇ ಪೇಜ್‌ಮೇಕರ್ ಅನ್ನೋ ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ಊರಿನ ಇಬ್ಬರು ಹಿರಿಯರ ಪುಸ್ತಕಗಳೂ ಇದರಲ್ಲೇ ಟೈಪ್ ಆಗಿವೆ, ಅವುಗಳ ಹಸ್ತಪ್ರತಿ ಈಗ ಯಾರ ಹತ್ತಿರವೂ ಇಲ್ಲ.

ತೊಂದರೆ ಏನೆಂದರೆ, ಕಳೆದ ವರ್ಷದಿಂದ ಬೆಳಗ್ಗೆ ಬಟನ್ ಒತ್ತಿದ ಕೂಡಲೇ ಆನ್ ಆಗುತ್ತಿರಲಿಲ್ಲ. ಹಲವು ಸಲ ಒತ್ತಿದ ಮೇಲೆ ಹೇಗೋ ಹೊತ್ತಿಕೊಳ್ಳುತ್ತಿತ್ತು, ಒಮ್ಮೆ ಆನ್ ಆದರೆ ಸಂಜೆವರೆಗೂ ಚೆನ್ನಾಗಿಯೇ ನಡೆಯುತ್ತಿತ್ತು. ಈ ಮಳೆಗಾಲದಲ್ಲಿ ಪೂರ್ತಿ ನಿಂತಿದೆ. ಈಗ ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗುತ್ತದೆ, ಅಷ್ಟೇ. ಬೀಪ್ ಇಲ್ಲ, ಮಾನಿಟರ್‌ನಲ್ಲಿ ಏನೂ ಇಲ್ಲ. ಹಿಂದಿನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ) ಜಾಲರಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ, ಫ್ಯಾನಿನ ರೆಕ್ಕೆಗೂ ಮಣ್ಣು ಮೆತ್ತಿದೆ. ಇನ್ನೊಂದು ವಿಷಯ, ಆನ್ ಇದ್ದಾಗ ಡಬ್ಬದ ಹಿಂಭಾಗ ಮುಟ್ಟಿದರೆ ಚುರ್ ಅನ್ನುತ್ತಿತ್ತು.

ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ತೋರಿಸಿದೆವು. ರ್‍ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ ಹಾಕಿದರು, ಆಗಲಿಲ್ಲ. "ಬೋರ್ಡ್ ಹೋಗಿದೆ, ಇದಕ್ಕೆಲ್ಲ ಈಗ ಪಾರ್ಟ್ಸ್ ಬರಲ್ಲ, ಗುಜರಿಗೆ ಹಾಕಿ" ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ. ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ, ಆದರೆ ಮಲ್ಟಿಮೀಟರ್ ಹಿಡಿದು ಅಭ್ಯಾಸ ಇದೆ, ಮನೆಯ ವೈರಿಂಗ್, ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಎಲ್ಲಿಂದ ಶುರು ಮಾಡಬೇಕು ಅಂತ ಬಲ್ಲವರು ಹೇಳಿ.

ಮೀಟರ್ ಹುಬ್ಬಳ್ಳಿ

ಮೊದಲು ಪವರ್ ಕಾರ್ಡ್ ಕಿತ್ತು ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕೆ ಇಡಿ. ಇನ್ನೊಂದು ಸಲ ಬಟನ್ ಒತ್ತಿ ನೋಡೋಣ ಅಂತ ಹೋಗಬೇಡಿ. ಕೆಟ್ಟ ಎಸ್‌ಎಂಪಿಎಸ್ ಯಾವ ಹೊತ್ತಿಗೆ ಎಷ್ಟು ವೋಲ್ಟ್ ಕೊಡುತ್ತದೆ ಅಂತ ಹೇಳೋಕಾಗಲ್ಲ, 5 ವೋಲ್ಟ್ ಲೈನಿನಲ್ಲಿ 7 ಬಂದರೆ ಡಿಸ್ಕಿನ ಕೆಳಗಿನ ಬೋರ್ಡ್ ಸುಟ್ಟು ಹೋಗುತ್ತದೆ. ಮದರ್‌ಬೋರ್ಡ್ ಇನ್ನೊಂದು ಸಿಗಬಹುದು. ಆ ಇಬ್ಬರು ಹಿರಿಯರ ಪುಸ್ತಕ ಸಿಗಲ್ಲ.

ಡಿಸ್ಕಿನ ನಕಲು ತೆಗೆಯೋಕೆ ಐಡಿಇ ಟು ಯುಎಸ್‌ಬಿ ಅಡಾಪ್ಟರ್ ತರಿಸಿ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಪ್ರತ್ಯೇಕ ಪವರ್ ಬ್ರಿಕ್ ಜೊತೆ ಬರುವುದನ್ನೇ ತಗೊಳ್ಳಿ, ಡಿಸ್ಕಿಗೆ ಸಿಕ್ಕಿಸುವ ಮೊದಲು ಆ ಬ್ರಿಕ್ಕಿನ ವೋಲ್ಟೇಜನ್ನೂ ಮೀಟರ್ ಹಾಕಿ ನೋಡಿ. ಡಿಸ್ಕಿನ ಜಂಪರ್ ಮಾಸ್ಟರ್‌ನಲ್ಲಿ ಇರಲಿ. ಆಮೇಲೆ ಫೋಲ್ಡರ್ ತೆರೆದು ಒಂದೊಂದೇ ಫೈಲ್ ಕಾಪಿ ಮಾಡಬೇಡಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಬಳಸಿ ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದ ಹಾಗೇ ಪೂರ್ತಿ ನಕಲು, ತೆಗೆಯಿರಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಸೆಕ್ಟರ್‌ಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ. ಎಲ್ಲಿವರೆಗೆ ಓದಿದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಮಧ್ಯದಲ್ಲಿ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. 40 ಜಿಬಿ ಅಂದರೆ ಡಿಸ್ಕ್ ಆರೋಗ್ಯವಾಗಿದ್ದರೆ ಜಾಸ್ತಿ ಹೊತ್ತು ಹಿಡಿಯಲ್ಲ.

ಈಗ ರೋಗದ ವಿಷಯ. ನೀವು ಬರೆದ ಒಂದು ಸಾಲು ಸಾಕು: ಬೆಳಗ್ಗೆ ಹಲವು ಸಲ ಒತ್ತಿದ ಮೇಲೆ ಆನ್ ಆಗುತ್ತಿತ್ತು, ಆಮೇಲೆ ಸಂಜೆವರೆಗೂ ಓಡುತ್ತಿತ್ತು. ಇದು ಒಣಗಿದ ಎಲೆಕ್ಟ್ರೋಲಿಟಿಕ್ ಕ್ಯಾಪಾಸಿಟರಿನ (ಒಳಗೆ ದ್ರವ ಇರುವ, ವೋಲ್ಟೇಜ್ ಸಮ ಮಾಡುವ ಸಣ್ಣ ಡಬ್ಬಿಯಂಥ ಬಿಡಿಭಾಗ) ಲಕ್ಷಣ. ತಣ್ಣಗಿದ್ದಾಗ ಅದರ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ, ಸ್ವಲ್ಪ ಬಿಸಿಯಾದರೆ ಕಮ್ಮಿ. ಆ ಕ್ಯಾಪಾಸಿಟರ್ ಎಸ್‌ಎಂಪಿಎಸ್ ಒಳಗೆ ಇದೆಯೋ ಬೋರ್ಡಿನ ಮೇಲೆ ಇದೆಯೋ ಅನ್ನೋದನ್ನು ಪತ್ತೆ ಮಾಡಬೇಕು, ಎರಡೂ ಕಡೆ ಇದ್ದರೂ ಇರಬಹುದು.

ಎಸ್‌ಎಂಪಿಎಸ್‌ನಿಂದ ಶುರು ಮಾಡಿ. ಬೋರ್ಡಿನಿಂದ 20 ಪಿನ್ ಕನೆಕ್ಟರ್ ಮತ್ತು 4 ಪಿನ್ನಿನ 12 ವೋಲ್ಟ್ ಕನೆಕ್ಟರ್ ಕೀಳಿ. ಗೋಡೆಯ ಸ್ವಿಚ್ ಹಾಕಿ, ನೇರಳೆ ವೈರ್ ಮತ್ತು ಕಪ್ಪು ವೈರ್ ನಡುವೆ ಮೀಟರ್ ಇಡಿ. ಅದು ಸ್ಟ್ಯಾಂಡ್‌ಬೈ ಲೈನ್, ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಇರಬೇಕು. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ, ಒಂದು ಚೂರು ತಂತಿಯಲ್ಲಿ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಸೇರಿಸಿ, ಮತ್ತೆ ಸ್ವಿಚ್ ಹಾಕಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಹಳದಿ 12, ಕೆಂಪು 5, ಕಿತ್ತಳೆ 3.3 ವೋಲ್ಟ್. ಶೇಕಡಾ 5ರಷ್ಟು ಹೆಚ್ಚುಕಮ್ಮಿ ಪರವಾಗಿಲ್ಲ, ಅಂದರೆ ಕೆಂಪು ವೈರ್ 4.75ರಿಂದ 5.25ರ ಒಳಗೆ, ಹಳದಿ 11.4ರಿಂದ 12.6ರ ಒಳಗೆ ಇರಬೇಕು. ಬೂದು ವೈರಿನಲ್ಲೂ 5 ವೋಲ್ಟ್ ಬರಬೇಕು, ಅದು "ನಾನು ಸರಿ ಇದ್ದೇನೆ" ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಸಿಗ್ನಲ್, ಅದು ಬರದೇ ಇದ್ದರೆ ಪ್ರೊಸೆಸರ್ ಶುರುವಾಗುವುದೇ ಇಲ್ಲ.

ಲೋಡ್ ಇಲ್ಲದೆ ಅಳೆದರೆ ಕೆಟ್ಟ ಎಸ್‌ಎಂಪಿಎಸ್ ಕೂಡ ಸರಿಯಾಗಿ ಕಾಣುತ್ತದೆ. ಅದಕ್ಕೆ ಯಾವುದಾದರೂ ಹಾಳಾದ ಸಿಡಿ ಡ್ರೈವ್ ಸಿಕ್ಕಿಸಿ, ಜೊತೆಗೆ ಬೈಕಿನ 12 ವೋಲ್ಟ್ 21 ವ್ಯಾಟ್ ಬ್ರೇಕ್ ಬಲ್ಬನ್ನು ಹಳದಿ ಮತ್ತು ಕಪ್ಪು ನಡುವೆ ಹಾಕಿ. ಆಗ ಬರುವ ರೀಡಿಂಗ್ ನಿಜವಾದದ್ದು.

ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕ್ಯಾಪಾಸಿಟರ್‌ಗಳಲ್ಲಿ 320 ವೋಲ್ಟಿಗೂ ಜಾಸ್ತಿ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಕುಂಬಾರ ಹುಳದ ಮಣ್ಣು ತೆಗೆಯೋಕೆ ಅಂತ ಸ್ಕ್ರೂಡ್ರೈವರ್ ತೂರಿಸಬೇಡಿ. ಸಿಆರ್‌ಟಿ ಮಾನಿಟರ್ ಇದ್ದರೆ ಅದನ್ನೂ ಬಿಚ್ಚಬೇಡಿ, ಅದರ ಟ್ಯೂಬಿನಲ್ಲಿ 20 ಸಾವಿರ ವೋಲ್ಟಿಗೂ ಮೇಲೆ ಇರುತ್ತದೆ.

ಬೈಟ್ ಬೆಂಗಳೂರು

ಡಿಸ್ಕ್ ಇಮೇಜ್ ಸಿಕ್ಕಿದ ಮೇಲೆ ಈ ಡಬ್ಬ ಯಾಕೆ ಬೇಕು ಸರ್? ಅದೇ ಇಮೇಜನ್ನು ಹೊಸ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಹಳೇ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಂ) ಹಾಕಿ ಓಡಿಸಬಹುದಲ್ವಾ. 86ಬಾಕ್ಸ್ ಥರದ್ದು ಹಳೆ ಪೆಂಟಿಯಂ ಯಂತ್ರಗಳನ್ನು ಚೆನ್ನಾಗಿ ಅನುಕರಿಸುತ್ತದೆ, ವಿಂಡೋಸ್ 98 ಅದರಲ್ಲಿ ನಡೆಯುತ್ತದೆ. ಪ್ರೆಸ್ಸಿನ ಕೆಲಸಕ್ಕೆ ಇಪ್ಪತ್ತು ವರ್ಷ ದಾಟಿದ ಹಾರ್ಡ್‌ವೇರ್ ನಂಬಿಕೊಂಡು ಕೂರುವುದು ಅಪಾಯ ಅಂತ ನನ್ನ ಅಭಿಪ್ರಾಯ.

ಅಚ್ಚುಮನೆ ಸಾಗರ

ಬೈಟ್ ಅವರೇ, ನಿಮ್ಮ ಮಾತು ಸರಿ, ಆದರೆ ಕನ್ನಡ ಡಿಟಿಪಿ (ಅಕ್ಷರ ಜೋಡಣೆ) ಸಾಫ್ಟ್‌ವೇರಿಗೆ ಡಾಂಗಲ್, ಅಂದರೆ ಬೀಗದ ಕೀ ಥರದ ಒಂದು ಸಾಧನ ಇದೆ. ಹಿಂದೆ ಪ್ರಿಂಟರ್ ಸಿಕ್ಕಿಸುವ 25 ಪಿನ್ನಿನ ಪ್ಯಾರಲಲ್ ಪೋರ್ಟಿಗೆ ಹಾಕುವಂಥದ್ದು. ಅದು ಇಲ್ಲದೇ ಇದ್ದರೆ ಕೀಬೋರ್ಡ್ ಡ್ರೈವರ್ ಓಪನ್ನೇ ಆಗಲ್ಲ, ಪೇಜ್‌ಮೇಕರ್‌ನಲ್ಲಿ ತಿದ್ದುಪಡಿ ಮಾಡಲು ಬರಲ್ಲ.

ಮೀಟರ್ ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಡಿಸ್ಕ್ ಬಿಚ್ಚಿ ಇಮೇಜ್ ತೆಗೆದಾಯ್ತು. ಕೊನೆಯ ಕಡೆ ಕೆಲವು ಸೆಕ್ಟರ್ ಓದಲಿಲ್ಲ, ಉಳಿದದ್ದು ಪೂರ್ತಿ ಬಂತು. ಪುಸ್ತಕಗಳ ಫೋಲ್ಡರ್ ಇದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ, ಅವರಿಗೆ ಎಷ್ಟು ಸಮಾಧಾನ ಆಯಿತು ಅಂತ ಬರೆಯಲು ಬರಲ್ಲ. ನಿಮಗೆ ದೊಡ್ಡ ನಮಸ್ಕಾರ.

ಎಸ್‌ಎಂಪಿಎಸ್ ರೀಡಿಂಗ್: ನೇರಳೆ ವೈರ್ 4.4. ಹಸಿರು ಕಪ್ಪು ಸೇರಿಸಿದಾಗ ಫ್ಯಾನ್ ನಿಧಾನಕ್ಕೆ ತಿರುಗಿತು. ಬಲ್ಬ್ ಮತ್ತು ಸಿಡಿ ಡ್ರೈವ್ ಹಾಕಿದ ಮೇಲೆ ಹಳದಿ 10.6, ಕೆಂಪು 4.6. ಬೂದು ವೈರಿನಲ್ಲಿ ಏನೂ ಬರಲಿಲ್ಲ. ಎಸ್‌ಎಂಪಿಎಸ್ ಹೋಗಿದೆ ಅಂತ ಹೊಸದು ತಂದೆ, 24 ಪಿನ್ನಿನದು, ಅದರಲ್ಲಿ 4 ಪಿನ್ ಬೇರೆ ಆಗುತ್ತದೆ, 20 ಪಿನ್ ಜಾಗಕ್ಕೆ ಸರಿಯಾಗಿ ಕೂತಿತು. ಈಗ ಫ್ಯಾನ್ ಪೂರ್ತಿ ತಿರುಗುತ್ತದೆ, ಆದರೆ ಬೀಪೂ ಇಲ್ಲ, ಡಿಸ್‌ಪ್ಲೇಯೂ ಇಲ್ಲ.

ಟಾರ್ಚ್ ಹಿಡಿದು ಬೋರ್ಡ್ ನೋಡಿದೆ. ಪ್ರೊಸೆಸರ್ ಪಕ್ಕದಲ್ಲಿ ಸಾಲಾಗಿ ನಿಂತಿರುವ ಕ್ಯಾಪಾಸಿಟರ್‌ಗಳಲ್ಲಿ ಆರಕ್ಕೆ ತಲೆ ಉಬ್ಬಿದೆ. ತಲೆ ಮೇಲಿನ ಕೂಡು ಗೆರೆ ಬಿರಿದು ಅಲ್ಲಿ ಕಂದು ಬಣ್ಣದ್ದು ಏನೋ ಒಸರಿ ಒಣಗಿದೆ, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಮೈ ಮೇಲೆ 3300 ಮೈಕ್ರೋಫ್ಯಾರಡ್, 6.3 ವೋಲ್ಟ್ ಅಂತ ಇದೆ. ಪಕ್ಕದಲ್ಲಿ 1500 ಮೈಕ್ರೋಫ್ಯಾರಡ್ 16 ವೋಲ್ಟಿನವು ಮೂರಿವೆ, ಅವು ನೋಡಲು ಸರಿಯಾಗಿವೆ.

ಬೆಸುಗೆ

ನಾನು ಈ ಕಾಲದ ಬೋರ್ಡುಗಳನ್ನೇ ಜಾಸ್ತಿ ರಿಪೇರಿ ಮಾಡುತ್ತೇನೆ, ಹಾಗಾಗಿ ಇದಕ್ಕೆ ನಾನು ಉತ್ತರ ಬರೆಯುತ್ತೇನೆ.

ನಿಮ್ಮ ಬೋರ್ಡಿಗೆ ಬಂದಿರುವುದು ಆಗಿನ ಕಾಲದ ಪಿಡುಗು. 1999ರಿಂದ 2007ರ ನಡುವೆ ತಯಾರಾದ ಲೆಕ್ಕವಿಲ್ಲದಷ್ಟು ಮದರ್‌ಬೋರ್ಡ್, ಎಸ್‌ಎಂಪಿಎಸ್, ಮಾನಿಟರ್‌ಗಳಿಗೆ ಬಂದದ್ದೇ ಇದು. ಕೆಲವು ತಯಾರಕರ ಕ್ಯಾಪಾಸಿಟರ್‌ಗಳಲ್ಲಿ ನೀರಿನ ಅಂಶ ಹೆಚ್ಚಿದ್ದ ಎಲೆಕ್ಟ್ರೋಲೈಟ್ ತುಂಬಿದ್ದರು, ಅದರಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಕಾಪಾಡುವ ರಾಸಾಯನಿಕ ಸರಿಯಾಗಿ ಇರಲಿಲ್ಲ. ನೀರು ಅಲ್ಯೂಮಿನಿಯಮ್ಮನ್ನು ತಿಂದು ಒಳಗೆ ಹೈಡ್ರೋಜನ್ ಅನಿಲ ತುಂಬಿಕೊಳ್ಳುತ್ತದೆ. ತಲೆ ಮೇಲೆ ಗೆರೆ ಕೊರೆದಿರುವುದೇ ಅದಕ್ಕೆ, ಸಿಡಿಯುವ ಬದಲು ಅಲ್ಲಿ ಬಿರಿಯಲಿ ಅಂತ. 2002ರ ಹೊತ್ತಿಗೆ ಇದು ಜಗತ್ತಿಗೇ ಗೊತ್ತಾಯಿತು, ನಿಮ್ಮ ಕಂಪ್ಯೂಟರ್ ಬಂದ ವರ್ಷವೇ.

ಆ ಆರು ಕ್ಯಾಪಾಸಿಟರ್ ಪ್ರೊಸೆಸರಿಗೆ ಕರೆಂಟ್ ಕೊಡುವ ಸರ್ಕ್ಯೂಟಿನವು. ಪೆಂಟಿಯಂ 4ಕ್ಕೆ 1.5ರಿಂದ 1.75 ವೋಲ್ಟ್ ಸಾಕು, ಆದರೆ ಅಷ್ಟು ಕಮ್ಮಿ ವೋಲ್ಟಿನಲ್ಲಿ 30 ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ. ಅದನ್ನು ಅಲುಗಾಡದಂತೆ ಸಮ ಮಾಡುವ ಕೆಲಸ ಇವುಗಳದ್ದು. ಇವು ಒಣಗಿದರೆ ವೋಲ್ಟೇಜ್ ಏರಿಳಿದು ಪ್ರೊಸೆಸರ್ ಮೊದಲ ಸೂಚನೆಯನ್ನೇ ಓದಲಾಗದೆ ನಿಂತುಬಿಡುತ್ತದೆ. ಪ್ರೊಸೆಸರ್ ಬಹುತೇಕ ಚೆನ್ನಾಗಿಯೇ ಇರುತ್ತದೆ.

ಬೆಸುಗೆಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ. ಪವರ್ ಇಲ್ಲದಾಗ ಬೋರ್ಡಿನ 4 ಪಿನ್ ಸಾಕೆಟ್ಟಿನಲ್ಲಿ 12 ವೋಲ್ಟಿನ ಪಿನ್ನಿಗೂ ಗ್ರೌಂಡಿಗೂ ಮಧ್ಯೆ ರೆಸಿಸ್ಟೆನ್ಸ್ ನೋಡಿ. ಸೊನ್ನೆಯ ಹತ್ತಿರ ಬಂದು ಅಲ್ಲೇ ನಿಂತರೆ ಮಾಸ್‌ಫೆಟ್ (ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಶಾರ್ಟ್ ಆಗಿದೆ ಅಂತ ಅರ್ಥ, ಅದು ಬೇರೆ ಕಥೆ. ಸೊನ್ನೆ ಅಲ್ಲದೇ ಇದ್ದರೆ ಮುಂದುವರಿಯಿರಿ. ಉಬ್ಬಿದ ಕ್ಯಾಪಾಸಿಟರಿನ ಎರಡು ಕಾಲಿನ ಮಧ್ಯೆ ಅಳೆದಾಗ ತೀರಾ ಕಮ್ಮಿ ಓಂ ಕಂಡರೆ ಗಾಬರಿ ಬೇಡ, ಅದು ಪ್ರೊಸೆಸರಿನದೇ ರೆಸಿಸ್ಟೆನ್ಸ್.

ಹೀಟ್‌ಸಿಂಕ್ ತೆಗೆಯುವಾಗ ಬಹಳ ಹುಷಾರು. ಸಾಕೆಟ್ 478ರಲ್ಲಿ ಹಳೇ ಥರ್ಮಲ್ ಪೇಸ್ಟ್ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ. ನೇರ ಮೇಲಕ್ಕೆ ಎಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಹೇರ್ ಡ್ರೈಯರಿನಿಂದ ಹೀಟ್‌ಸಿಂಕನ್ನು ಚೆನ್ನಾಗಿ ಬೆಚ್ಚಗೆ ಮಾಡಿ, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಚಿ, ಪೇಸ್ಟ್ ಬಿಟ್ಟುಕೊಂಡ ಮೇಲೆ ಎತ್ತಿ.

ಈಗ ಹೊಸ ಕ್ಯಾಪಾಸಿಟರ್. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 105 ಡಿಗ್ರಿಯದು ಮತ್ತು ಲೋ ಇಎಸ್ಆರ್ (ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರುವುದು) ಆಗಿರಲೇಬೇಕು. ಫ್ಯಾನ್ ಅಂಗಡಿಯಲ್ಲೋ ಟಿವಿ ರಿಪೇರಿಯವರ ಹತ್ತಿರವೋ ಸಿಗುವ ಸಾಮಾನ್ಯ ಕ್ಯಾಪಾಸಿಟರ್ ಹಾಕಿದರೆ ಸ್ವಲ್ಪ ದಿನದಲ್ಲಿ ಅದೂ ಉಬ್ಬುತ್ತದೆ. ಪ್ಯಾನಸೋನಿಕ್, ನಿಚಿಕಾನ್, ರೂಬಿಕಾನ್, ಇವು ಒಳ್ಳೆಯವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಬಹುದು, ಆದರೆ ವರ್ಷಗಟ್ಟಲೆ ಡಬ್ಬದಲ್ಲಿ ಕೂತ ಹಳೇ ಸ್ಟಾಕ್ ತಗೋಬೇಡಿ, ಎಲೆಕ್ಟ್ರೋಲಿಟಿಕ್ ಬಳಸದೇ ಇಟ್ಟರೂ ಹಾಳಾಗುತ್ತದೆ. ದೊಡ್ಡ ಆನ್‌ಲೈನ್ ಬಿಡಿಭಾಗದ ಅಂಗಡಿಯಿಂದ ತರಿಸುವುದೇ ವಾಸಿ. ಅಡ್ಡಗಲವನ್ನೂ ಅಳತೆ ಮಾಡಿ ಆರ್ಡರ್ ಮಾಡಿ, ಹೀಟ್‌ಸಿಂಕ್ ಚೌಕಟ್ಟಿನ ಪಕ್ಕ ಜಾಗ ಇರುವುದೇ ಇಲ್ಲ. ಆರು ಉಬ್ಬಿದ್ದರೂ ಒಂಬತ್ತನ್ನೂ ಬದಲಾಯಿಸಿ. ನೋಡಲು ಚೆನ್ನಾಗಿದ್ದ ಮಾತ್ರಕ್ಕೆ ಆ ಮೂರು ಸರಿಯಿವೆ ಅಂತ ಅಲ್ಲ, ಬುಡದಲ್ಲಿ ಸೋರುವುದೂ ಇದೆ.

ತೆಗೆಯುವ ಮೊದಲು ಪ್ರತಿಯೊಂದರ ಫೋಟೋ ತೆಗೆದುಕೊಳ್ಳಿ. ಕ್ಯಾಪಾಸಿಟರಿನ ಮೈ ಮೇಲಿನ ಪಟ್ಟೆ ಯಾವಾಗಲೂ ನೆಗೆಟಿವ್. ಬೋರ್ಡಿನ ಮೇಲೆ ಅರ್ಧ ವೃತ್ತಕ್ಕೆ ಬಣ್ಣ ಬಳಿದಿರುತ್ತಾರಲ್ಲ, ಅದನ್ನು ನಂಬಬೇಡಿ, ಹೆಚ್ಚಿನ ಕಂಪನಿಯವರು ನೆಗೆಟಿವ್ ಕಡೆ ಬಳಿದರೆ ಕೆಲವರು ಪಾಸಿಟಿವ್ ಕಡೆ ಬಳಿಯುತ್ತಾರೆ. ತಿರುಗುಮುರುಗಾಗಿ ಹಾಕಿದರೆ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

25 ವ್ಯಾಟಿನ ಸೋಲ್ಡರಿಂಗ್ ಐರನ್ ಇಲ್ಲಿ ನಡೆಯಲ್ಲ. ಬೋರ್ಡಿನ ಒಳಗೆ ಇಡೀ ಅಗಲಕ್ಕೂ ತಾಮ್ರದ ಪದರ ಇದೆ, ಅದು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಅದರಲ್ಲೂ ನೆಗೆಟಿವ್ ಕಾಲು ಕರಗುವುದೇ ಇಲ್ಲ. 60 ವ್ಯಾಟಿನದು, ಅಗಲ ಮೂತಿಯದು ಬೇಕು, 350ರಿಂದ 380 ಡಿಗ್ರಿ ಇಡಿ. ಹಳೇ ಬೆಸುಗೆಗೆ ಸ್ವಲ್ಪ ಫ್ಲಕ್ಸ್ ಹಚ್ಚಿ, ಸೀಸ ಇರುವ ಹೊಸ ಸೋಲ್ಡರ್ ಮೇಲೆ ಸೇರಿಸಿ, ಆಗ ಬೇಗ ಕರಗುತ್ತದೆ. ಒಂದು ಕಾಲು ಬಿಸಿ ಮಾಡುತ್ತಾ ಮೇಲಿನಿಂದ ಕ್ಯಾಪಾಸಿಟರನ್ನು ಆ ಕಡೆ ಸ್ವಲ್ಪ ವಾಲಿಸಿ, ಆಮೇಲೆ ಇನ್ನೊಂದು ಕಾಲು. ಹೀಗೆ ನಡೆಸುತ್ತಾ ಹೊರಗೆ ತನ್ನಿ, ಜಗ್ಗಿ ಎಳೆಯಬೇಡಿ, ತೂತಿನ ಒಳಗಿನ ತಾಮ್ರದ ಲೇಪ ಕಿತ್ತು ಬಂದರೆ ಬೋರ್ಡ್ ಕೈ ಬಿಟ್ಟಂತೆಯೇ. ತೂತಿನಲ್ಲಿ ಉಳಿದ ಸೋಲ್ಡರಿಗೆ ಸ್ಟೇನ್‌ಲೆಸ್ ಸ್ಟೀಲಿನ ಸೂಜಿ ಒಳ್ಳೆಯದು, ಸೋಲ್ಡರ್ ಅದಕ್ಕೆ ಅಂಟಲ್ಲ. ಡ್ರಿಲ್ ಬಿಟ್ ಹಾಕಲೇಬೇಡಿ.

ಎಲ್ಲಾ ಆದ ಮೇಲೆ ಬೋರ್ಡನ್ನು ಡಬ್ಬದಿಂದ ಹೊರಗೆ ರಟ್ಟಿನ ಮೇಲಿಟ್ಟು ನೋಡಿ. ಪ್ರೊಸೆಸರ್, ಹೊಸ ಪೇಸ್ಟ್, ಹೀಟ್‌ಸಿಂಕ್, ಸ್ಪೀಕರ್, ಎಸ್‌ಎಂಪಿಎಸ್, ಅಷ್ಟೇ. ರ್‍ಯಾಮ್ ಬೇಡ. ರ್‍ಯಾಮ್ ಇಲ್ಲದೆ ಆನ್ ಮಾಡಿದಾಗ ಬೀಪ್ ಬಂದರೆ ಪ್ರೊಸೆಸರ್, ಬಯಾಸ್, ಚಿಪ್‌ಸೆಟ್ ಮೂರೂ ಬದುಕಿವೆ ಅಂತ ಗೊತ್ತಾಗುತ್ತದೆ. ರ್‍ಯಾಮಿನ ಹಲ್ಲುಗಳನ್ನು ಒರಟು ರಬ್ಬರಿನಲ್ಲಿ ಉಜ್ಜುವುದು ಬೇಡ, ಚಿನ್ನದ ಲೇಪ ತೆಳ್ಳಗಿರುತ್ತದೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಅದ್ದಿ ಒರೆಸಿದರೆ ಸಾಕು. ಸಿಆರ್ 2032 ಬ್ಯಾಟರಿಯನ್ನೂ ಹೊಸದು ಹಾಕಿಬಿಡಿ.

ಬೈಟ್ ಅವರಿಗೆ ಡಾಂಗಲ್ ಬಗ್ಗೆ ಒಂದು ಮಾತು. ವಿಂಡೋಸ್ 98 ಕಾಲದ ಸಾಫ್ಟ್‌ವೇರ್ ನೇರವಾಗಿ 378 ಅನ್ನೋ ಪೋರ್ಟ್ ವಿಳಾಸಕ್ಕೇ ಮಾತಾಡುತ್ತದೆ. ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ಪ್ರಿಂಟರಿಗೆ ಮಾತ್ರ, ಅದರಲ್ಲಿ ಆ ವಿಳಾಸ ಇರಲ್ಲ, ಡಾಂಗಲ್ ಕಾಣಲ್ಲ. ಹಾಗಾಗಿ ಈ ಯಂತ್ರವನ್ನು ಉಳಿಸಿಕೊಳ್ಳುವುದೇ ಅವರಿಗೆ ನೇರ ದಾರಿ.

ಪುಟವಿನ್ಯಾಸ ಮೈಸೂರು

ಯಂತ್ರ ಆನ್ ಆಗುವ ಹೊತ್ತಿಗೆ ಫೈಲುಗಳ ಬಗ್ಗೆ ಯೋಚನೆ ಮಾಡಿಟ್ಟುಕೊಳ್ಳಿ. ನಾನು ಈ ಕೆಲಸದಲ್ಲೇ ಇರುವವಳು, ಇಂಥ ಪೇಜ್‌ಮೇಕರ್ ಫೈಲು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ಡಿಸ್ಕ್ ಇಮೇಜ್ ಸಿಕ್ಕಿತು ಅಂತ ನೆಮ್ಮದಿಯಿಂದ ಇರಬೇಡಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಇನ್‌ಡಿಸೈನ್ ಸಿಎಸ್6ವರೆಗೆ ಪೇಜ್‌ಮೇಕರ್ ಫೈಲ್ ತೆರೆಯುತ್ತಿತ್ತು, ಆಮೇಲಿನ ಆವೃತ್ತಿಗಳು ತೆರೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಅಕ್ಷರದ್ದು. ವಿಂಡೋಸ್ 98ಕ್ಕೆ ಕನ್ನಡ ಗೊತ್ತೇ ಇರಲಿಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು ಅವು. ಬರಹ, ನುಡಿಯ ಹಳೇ ಫಾಂಟುಗಳೂ ಹಾಗೇ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬಾ ಚುಕ್ಕೆ, ಗೆರೆ, ಕೊಂಬು ಇರುವ ಯುರೋಪಿನ ಅಕ್ಷರಗಳು. ಯಾವ ತುಂಡು ಯಾವ ಜಾಗದಲ್ಲಿ ಅನ್ನೋದು ಒಂದೊಂದು ಕಂಪನಿಗೆ ಒಂದೊಂದು ಥರ.

ಹಾಗಾಗಿ ಯಂತ್ರ ಎದ್ದ ಕೂಡಲೇ ಮೊದಲ ಕೆಲಸ, ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ) ಪ್ರಿಂಟರ್ ಡ್ರೈವರ್ ಹಾಕಿ, ಪ್ರತಿ ಫೈಲನ್ನು ಪೇಜ್‌ಮೇಕರ್‌ನಿಂದಲೇ ಪೋಸ್ಟ್‌ಸ್ಕ್ರಿಪ್ಟ್ ಫೈಲಿಗೆ ಪ್ರಿಂಟ್ ಕೊಡಿ, ಫಾಂಟ್ ಸೇರಿಸುವ ಆಯ್ಕೆ ಆನ್ ಇರಲಿ. ಆ ಫೈಲನ್ನು ಹೊಸ ಕಂಪ್ಯೂಟರಿಗೆ ತಂದು ಗೋಸ್ಟ್‌ಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಂನಲ್ಲಿ ಪಿಡಿಎಫ್ ಮಾಡಿ. ಪುಟ ಆಗ ಹೇಗಿತ್ತೋ ಹಾಗೇ ಉಳಿಯುತ್ತದೆ, ಇನ್ನು ಮುಂದೆ ಡಾಂಗಲ್ಲೂ ಬೇಡ, ಪೇಜ್‌ಮೇಕರೂ ಬೇಡ.

ಪುಸ್ತಕದ ಪಠ್ಯ ಯುನಿಕೋಡಿನಲ್ಲಿ ಬೇಕಾದರೆ ಪೇಜ್‌ಮೇಕರ್‌ನಿಂದ ಸ್ಟೋರಿಯನ್ನು (ಒಂದಕ್ಕೊಂದು ಜೋಡಿಸಿದ ಪಠ್ಯದ ಭಾಗ) ಟೆಕ್ಸ್ಟ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಕನ್ವರ್ಟರಿಗೆ ಹಾಕಿ. ನುಡಿ, ಬರಹದ್ದಾದರೆ ಕನ್ವರ್ಟರ್ ಸುಲಭವಾಗಿ ಸಿಗುತ್ತದೆ. ಬೇರೆ ಕಂಪನಿಯ ಫಾಂಟಾದರೆ ಫಾಂಟಿನ ಹೆಸರು ಇಲ್ಲಿ ಬರೆಯಿರಿ, ನೋಡೋಣ. ಕನ್ವರ್ಟ್ ಆದ ಮೇಲೆ ಅರ್ಕಾವೊತ್ತು, ದೀರ್ಘ, ಎರಡು ಒತ್ತು ಇರುವ ಪದ, ಇವನ್ನು ಕಣ್ಣಿಟ್ಟು ಓದಿ. ಹಳೇ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರ ಆದ ಮೇಲೆ ಬರುತ್ತದೆ, ಯುನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕು, "ಕಾರ್ಯ", "ಧರ್ಮ" ಅಂಥ ಪದಗಳಲ್ಲೇ ಜಾಸ್ತಿ ಎಡವುತ್ತದೆ. ಪಕ್ಕದಲ್ಲಿ ಪಿಡಿಎಫ್ ಇದ್ದರೆ ಹೋಲಿಸಿ ತಿದ್ದಬಹುದು, ಅದಕ್ಕೇ ಮೊದಲು ಪಿಡಿಎಫ್ ಅಂದದ್ದು.

ಅಚ್ಚುಮನೆ ಸಾಗರ

ಎದ್ದಿದೆ! ಕ್ಯಾಪಾಸಿಟರ್ ಬರುವುದೇ ತಡ ಆಯಿತು, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಬೆಸುಗೆ ಅವರೇ, ಹೀಟ್‌ಸಿಂಕ್ ಬಗ್ಗೆ ನೀವು ಹೇಳದೇ ಇದ್ದಿದ್ದರೆ ಖಂಡಿತ ಪಿನ್ ಬಾಗುತ್ತಿತ್ತು, ಅಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬೆಚ್ಚಗೆ ಮಾಡಿ ತಿರುಚಿದಾಗ ಚಟ್ ಅಂತ ಬಿಟ್ಟಿತು. ಒಂಬತ್ತನ್ನೂ ಬದಲಾಯಿಸಿದೆ. 1500ರ ಒಂದನ್ನು ಎತ್ತಿದಾಗ ಬುಡದ ರಬ್ಬರ್ ಒದ್ದೆಯಾಗಿತ್ತು, ಮೇಲಿನಿಂದ ಏನೂ ಕಾಣುತ್ತಿರಲಿಲ್ಲ.

ರ್‍ಯಾಮ್ ಇಲ್ಲದೆ ಆನ್ ಮಾಡಿದಾಗ ಉದ್ದ ಬೀಪ್ ಶುರುವಾಯಿತು. ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದರು. ರ್‍ಯಾಮ್ ಹಾಕಿದೆ, ಒಂದು ಸಣ್ಣ ಬೀಪ್, ಪರದೆ ಮೇಲೆ ಸಿಮೋಸ್ ಚೆಕ್‌ಸಮ್ ಎರರ್ (ಬೋರ್ಡಿನ ಸೆಟ್ಟಿಂಗ್ ಅಳಿಸಿ ಹೋಗಿದೆ ಅನ್ನೋ ಸೂಚನೆ) ಅಂತ ಬಂತು. ತಾರೀಖು ಸರಿ ಮಾಡಿ ಸೇವ್ ಮಾಡಿದ ಮೇಲೆ ಅದು ಮತ್ತೆ ಬರಲಿಲ್ಲ.

ಈಗ ಎರಡು ಪ್ರಶ್ನೆ. ಹಳೇ ಡಿಸ್ಕನ್ನೇ ಮತ್ತೆ ಹಾಕಲಾ? ಮತ್ತೆ ಡಾಂಗಲ್ ಇನ್ನೂ ಸಿಕ್ಕಿಸಿಲ್ಲ, ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೂ ಡಬ್ಬ ಚುರ್ ಅನ್ನುತ್ತಿದೆ, ಅದಕ್ಕೇ ಭಯ.

ಮೀಟರ್ ಹುಬ್ಬಳ್ಳಿ

ಬಹಳ ಸಂತೋಷ ಆಯಿತು. ಚಿಕ್ಕಪ್ಪನಿಗೂ ಹೇಳಿ.

ಡಾಂಗಲ್ ಸಿಕ್ಕಿಸದೇ ಇದ್ದದ್ದು ಒಳ್ಳೆಯದಾಯಿತು. ಚುರ್ ಅನ್ನುವುದು ಎಸ್‌ಎಂಪಿಎಸ್ ದೋಷ ಅಲ್ಲ. ಎಸ್‌ಎಂಪಿಎಸ್ ಒಳಗೆ ಫೇಸಿನಿಂದ ಡಬ್ಬಕ್ಕೊಂದು, ನ್ಯೂಟ್ರಲಿನಿಂದ ಡಬ್ಬಕ್ಕೊಂದು ಸಣ್ಣ ಫಿಲ್ಟರ್ ಕ್ಯಾಪಾಸಿಟರ್ ಇರುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ಇಲ್ಲದಿದ್ದರೆ ಡಬ್ಬ ಇವೆರಡರ ಮಧ್ಯೆ ನೇತಾಡಿ 230ರ ಅರ್ಧ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ಇರುತ್ತದೆ. ಕರೆಂಟ್ ಕಮ್ಮಿ, ಆದರೆ ಅರ್ತ್ ಇರುವ ಇನ್ನೊಂದು ಪ್ರಿಂಟರಿನ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿ ಅದು ಪ್ಯಾರಲಲ್ ಪೋರ್ಟಿನ ಮೂಲಕವೇ ಹರಿಯುತ್ತದೆ. ಆಗ ಪೋರ್ಟ್ ಹೋಗಬಹುದು, ಡಾಂಗಲ್ಲೂ ಹೋಗಬಹುದು. ಫೇಸ್ ಮತ್ತು ಅರ್ತ್ ನಡುವೆ ಮೀಟರ್ ಇಟ್ಟು ನೋಡಿ, 230 ಬರಬೇಕು. ಬರದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಲೈನ್ ಮಾಡಿಸಿ. ನ್ಯೂಟ್ರಲನ್ನು ಅರ್ತ್ ಪಿನ್ನಿಗೆ ಸೇರಿಸಿ ಸುಮ್ನೆ ತೇಪೆ ಹಾಕುವವರಿದ್ದಾರೆ, ಅದಕ್ಕೆ ಮಾತ್ರ ಒಪ್ಪಬೇಡಿ, ನ್ಯೂಟ್ರಲ್ ಕಡಿದರೆ ಡಬ್ಬಕ್ಕೆ ಪೂರ್ತಿ 230 ಬರುತ್ತದೆ.

ಹಳೇ ಡಿಸ್ಕ್ ಹಾಕಬೇಡಿ, ಸೆಕ್ಟರ್ ಹೋಗಲು ಶುರುವಾಗಿದೆ. ಅದನ್ನು ಹಾಗೇ ಸುತ್ತಿ ತೆಗೆದಿಡಿ, ಫಾರ್ಮ್ಯಾಟ್ ಮಾಡಬೇಡಿ. 64 ಜಿಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಮತ್ತು ಐಡಿಇ ಅಡಾಪ್ಟರ್ ತಗೊಳ್ಳಿ. ಆ ಕಾರ್ಡಿಗೆ ಐಡಿಇ ಭಾಷೆಯೇ ಗೊತ್ತು, ಅಡಾಪ್ಟರಿನಲ್ಲಿ ಬರೀ ಪಿನ್ ಬದಲಾವಣೆ ಅಷ್ಟೇ. ನೀವು ತೆಗೆದಿಟ್ಟ ಇಮೇಜನ್ನು ಅದರ ಮೇಲೆ ಬರೆದರೆ ಅದೇ ವಿಂಡೋಸ್ 98 ಬೂಟ್ ಆಗುತ್ತದೆ. ಮೇಡಂ ಹೇಳಿದ ಪೋಸ್ಟ್‌ಸ್ಕ್ರಿಪ್ಟ್ ಫೈಲುಗಳನ್ನು ಹೊಸ ಕಂಪ್ಯೂಟರಿಗೆ ತರಲೂ ಇದೇ ಸುಲಭ, ಆಫ್ ಮಾಡಿ ಕಾರ್ಡ್ ತೆಗೆದು ಕಾರ್ಡ್ ರೀಡರಿಗೆ ಹಾಕಿದರೆ ಆಯಿತು. ಹೀಗೆ ಮಾಡಿದರೆ ವಿಂಡೋಸ್ 98ರಲ್ಲಿ ಪೆನ್‌ಡ್ರೈವಿಗೆ ಡ್ರೈವರ್ ಹುಡುಕುವ ತಾಪತ್ರಯ ಇಲ್ಲ.

ಅಚ್ಚುಮನೆ ಸಾಗರ

ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ತ್ ನಡುವೆ 60 ವೋಲ್ಟ್ ತೋರಿಸಿತು, ಮೀಟರ್ ಒಂದೇ ಕಡೆ ನಿಲ್ಲುತ್ತಲೂ ಇರಲಿಲ್ಲ. ಮೇನ್ ಬೋರ್ಡಿನ ಹತ್ತಿರ ಅರ್ತ್ ವೈರ್ ತುಕ್ಕು ಹಿಡಿದು ತುಂಡಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸ ವೈರ್ ಎಳೆದರು, ಈಗ 228. ಚುರ್ ಅನ್ನುವುದು ನಿಂತಿದೆ. ಕಂಪ್ಯೂಟರ್ ಆಫ್ ಇದ್ದಾಗಲೇ ಡಾಂಗಲ್ ಸಿಕ್ಕಿಸಿ ಆನ್ ಮಾಡಿದೆವು, ಸಾಫ್ಟ್‌ವೇರ್ ಓಪನ್ ಆಯಿತು, ಕಾರ್ಡಿನಿಂದ ವಿಂಡೋಸ್ ಮೊದಲಿಗಿಂತ ಬೇಗ ಬರುತ್ತದೆ.

ಮೈಸೂರಿನ ಮೇಡಂ, ಮೊದಲ ಪುಸ್ತಕ ಪಿಡಿಎಫ್ ಆಯಿತು, ಒಂದು ಒತ್ತಕ್ಷರವೂ ಹೋಗಿಲ್ಲ. ಎರಡನೆಯದರಲ್ಲಿ ಶೀರ್ಷಿಕೆಗಳಿಗೆ ಬೇರೆ ಫಾಂಟ್ ಬಳಸಿದ್ದಾರೆ, ಅದು ಪೋಸ್ಟ್‌ಸ್ಕ್ರಿಪ್ಟಿಗೆ ಸೇರುತ್ತಿಲ್ಲ, ಅಲ್ಲಿ ಖಾಲಿ ಚೌಕ ಬರುತ್ತಿದೆ. ಫಾಂಟ್ ಹೆಸರು ನೋಡಿ ಇಲ್ಲೇ ಬರೆಯುತ್ತೇನೆ.

ಪುಟವಿನ್ಯಾಸ ಮೈಸೂರು

ಹೆಸರಿನ ಜೊತೆ ಅದು ಟ್ರೂಟೈಪಾ ಟೈಪ್ 1 ಫಾಂಟಾ ಅಂತಲೂ ನೋಡಿ, ಇವು ಫಾಂಟ್ ಫೈಲಿನ ಎರಡು ಬಗೆ. ಟ್ರೂಟೈಪ್ ಆದರೆ ಪ್ರಿಂಟರ್ ಡ್ರೈವರಿನ ಫಾಂಟ್ ಸೆಟ್ಟಿಂಗಿನಲ್ಲಿ ಇದರ ಬದಲು ಪ್ರಿಂಟರಿನ ಫಾಂಟ್ ಬಳಸು ಅನ್ನೋ ಆಯ್ಕೆ ತೆಗೆದು, ಔಟ್‌ಲೈನ್ ಆಗಿ ಕಳಿಸು ಅನ್ನೋದನ್ನು ಹಾಕಿ ಇನ್ನೊಮ್ಮೆ ಪ್ರಿಂಟ್ ಕೊಡಿ. ಟೈಪ್ 1 ಆದರೆ ಅದರ ಪಿಎಫ್‌ಬಿ ಫೈಲ್ (ಅಕ್ಷರಗಳ ಆಕಾರ ಇರುವ ಫೈಲ್) ಡಿಸ್ಕಿನಲ್ಲಿ ಎಲ್ಲೋ ಇರಲೇಬೇಕು, ಇಮೇಜಿನಲ್ಲಿ ಹುಡುಕಿ.